ಬೆರಳಿಗೆ ಹತ್ತಿದ ಡಾಂಬರು

ಹೊಳೆ ಅಂದಮೇಲೆ ದಂಡೆ ಇರಬೇಕು, ದಂಡೆಯಲ್ಲೊಂದು ಆಶ್ರಮ, ಆಶ್ರಮದಲ್ಲೊಬ್ಬ ಅಜ್ಜಯ್ಯ ಇರಲೇಬೇಕಲ್ಲ. ಈ ಅಜ್ಜಯ್ಯನ ಹತ್ತಿರ ಇದ್ದದ್ದು ಎರಡು ಪಂಚೆ, ಒಂದು ಹರಿಗೋಲು, ಮತ್ತೆ ರೊಟ್ಟಿ ತಟ್ಟಿ ಹಾಕುವ ಶಿಷ್ಯೆ ಮಾಳಮ್ಮ.

ಮಾಳಮ್ಮನಿಗೆ ಹೋದ ವರ್ಷ ಎದೆಯಲ್ಲಿ ಗಂಟಾಗಿತ್ತು. ಕ್ಯಾನ್ಸರ್ ಅಂದರು. ಕೊಯ್ಸಿಕೊಂಡಳು, ಔಷಧಿ ಏರಿಸಿಕೊಂಡಳು, ಕರೆಂಟು ಕೊಡಿಸಿಕೊಂಡಳು. ಎಲ್ಲ ಮುಗೀತು ಅಂತ ಡಾಕ್ಟರು ಹೇಳಿದ ದಿನ ಬಂದವರಿಗೆಲ್ಲ ಶಾವಿಗೆ ಪಾಯಸ ಬಡಿಸಿದ್ದಳು.

ಅದಾಗಿ ಮೂರು ತಿಂಗಳೂ ತುಂಬಿರಲಿಲ್ಲ. ತಲೆಗೂದಲು ಇನ್ನೂ ಬೆರಳ ಗೆಣ್ಣಿನಷ್ಟೇ ಬಂದಿತ್ತು. ಸೋಮವಾರ ಸ್ನಾನ ಮಾಡುವಾಗ ಕಂಕುಳ ಹತ್ತಿರ ಕೈಗೆ ಏನೋ ಸಿಕ್ಕಿತು. ತೊಗರಿಕಾಳಿನಷ್ಟು.

ಹಂಡೆಯ ನೀರು ಹಾಗೇ ಬಿಟ್ಟು ಎದ್ದು ಬಂದಳು.

ಆಚೆ ದಡದ ಆಸ್ಪತ್ರೆಗೆ ಫೋನು ಮಾಡಿದರೆ, "ಗುರುವಾರ ಬನ್ನಿ, ಸ್ಕ್ಯಾನಿಂಗ್ ಮಾಡಿ ನೋಡೋಣ" ಅಂದರು.

ಬುಧವಾರ ಬೆಳಿಗ್ಗೆಯ ಹೊತ್ತಿಗೆ ಅವಳ ಹೊಟ್ಟೆಗೆ ಸರಿಯಾಗಿ ಒಂದು ತುತ್ತು ಇಳಿದಿರಲಿಲ್ಲ. ಅಜ್ಜಯ್ಯನ ಮುಂದೆ ಬಂದು ನಿಂತಳು.

"ಅಜ್ಜಯ್ಯ, ಅದು ಮತ್ತೆ ಬಂತಾ?"

"ನನ್ನ ಕೇಳಿದರೆ? ನಾನೇನು ಸ್ಕ್ಯಾನಿಂಗ್ ಮಿಷನ್ನೇ?"

"ತಮಾಷೆ ಮಾಡಬೇಡಿ. ಹೌದು ಅನ್ನಿ, ಇಲ್ಲ ಅನ್ನಿ. ಎರಡರಲ್ಲೊಂದು ಹೇಳಿಬಿಡಿ."

"ಗೊತ್ತಿದ್ದರೆ ಹೇಳ್ತಿದ್ದೆ."

"ಸುಳ್ಳಾದರೂ ಸರಿ, ಇಲ್ಲ ಅನ್ನಿ."

"ಅಂತೀನಿ. ನಂಬ್ತೀಯಾ?"

ಮಾಳಮ್ಮ ತಲೆ ಅಡ್ಡಡ್ಡ ಆಡಿಸಿದಳು.

"ಹಾಗಾದರೆ ಬಾ. ಹರಿಗೋಲು ನೋಡಬೇಕು. ನಾಳೆ ನಿನ್ನನ್ನೇ ದಾಟಿಸಬೇಕಲ್ಲ."

ಇಬ್ಬರೂ ಸೇರಿ ಹರಿಗೋಲನ್ನು ಮರಳ ಮೇಲೆ ಬೋರಲು ಹಾಕಿದರು. ಒಂದು ಅಂಚು ಎತ್ತಿ ಕಲ್ಲು ಕೊಟ್ಟರು. ಮಾಳಮ್ಮ ಒಳಗೆ ತೂರಿದಳು. ಪ್ರತಿ ಸಲ ಹೊಳೆಗೆ ಇಳಿಸುವ ಮುಂಚೆ ಹೀಗೇ. ಒಳಗೆ ಕೂತು ಮೇಲೆ ನೋಡಬೇಕು. ತೂತಿದ್ದ ಕಡೆ ಬಿಸಿಲು ಚುಕ್ಕಿಯಾಗಿ ಕಾಣುತ್ತದೆ.

ಒಂದು ಚುಕ್ಕಿ ಕಂಡಿತು. ಸೂಜಿಯ ಮೊನೆಯಷ್ಟು.

"ಇದೆ ಅಜ್ಜಯ್ಯ!"

"ಇದ್ದರೆ ಬೆರಳಿಡು, ನಾನು ಹೊರಗಿಂದ ಗುರುತು ಹಾಕ್ತೀನಿ. ಕಿರುಚಬೇಡ, ಮೀನು ಓಡಿಹೋಗುತ್ತವೆ."

ಅಜ್ಜಯ್ಯ ಹಳೇ ಪಂಚೆಯ ತುಂಡು ಇಟ್ಟು, ಕಾಯಿಸಿದ ಡಾಂಬರು ಬಳಿದರು. "ಬಿಸಿಲು ಇಳಿದು ತಣ್ಣಗಾಗೋವರೆಗೂ ಆಡೋ ನಾಯಿಯೋ ತುಳಿಯದಂತೆ ನೋಡಿಕೋ. ನೀನೂ ಮುಟ್ಟಬೇಡ" ಅಂತ ಹೇಳಿ ಒಳಗೆ ಹೋದರು.

ಮಾಳಮ್ಮ ಕಾವಲು ಕೂತಳು. ಆಡು ಬರಲಿಲ್ಲ, ನಾಯಿಯೂ ಬರಲಿಲ್ಲ. ರೊಟ್ಟಿ ಬೆಂತೋ ಇಲ್ಲವೋ ಅಂತ ಒತ್ತಿ ನೋಡಿ ರೂಢಿಯಾದ ಕೈ ಅವಳದು. ಡಾಂಬರು ಗಟ್ಟಿಯಾಯಿತೋ ಅಂತ ಒಂದು ಸಲ ಮೆಲ್ಲಗೆ ಒತ್ತಿದಳು. ಇನ್ನೂ ಮೆತ್ತಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಆಮೇಲೆ ಮತ್ತೆ.

ಸಂಜೆ ಅಜ್ಜಯ್ಯ ಬಂದು ನೋಡಿದರೆ ತೇಪೆ ಜಾರಿ ಪಕ್ಕಕ್ಕೆ ಹೋಗಿದೆ. ಸೂಜಿಮೊನೆಯಷ್ಟಿದ್ದ ತೂತಿನಲ್ಲಿ ಈಗ ಕಿರುಬೆರಳು ಹೋಗುತ್ತಿತ್ತು.

"ಯಾವ ಆಡು ಬಂದಿತ್ತು?"

"ಬಿಸಿಲಿಗೆ ಕರಗಿ ಜಾರಿರಬೇಕು, ಅಜ್ಜಯ್ಯ."

ಅಜ್ಜಯ್ಯ ಅವಳ ಬಲಗೈ ಹಿಡಿದು ತಿರುಗಿಸಿದರು. ಬೆರಳ ತುದಿಗಳು ಕಪ್ಪಗಿದ್ದವು. ಆಮೇಲೆ ಅವಳ ಕುಪ್ಪಸದ ಕಡೆ ನೋಡಿದರು. ಮಾಳಮ್ಮನೂ ಬಗ್ಗಿ ನೋಡಿಕೊಂಡಳು.

ಎಡಗಂಕುಳ ಹತ್ತಿರ ಕಪ್ಪು ಬೆರಳಚ್ಚು. ಒಂದರ ಮೇಲೊಂದು, ಬಟ್ಟೆಯ ಬಣ್ಣವೇ ಕಾಣದಷ್ಟು.

ಇಷ್ಟು ಸಲ ಮುಟ್ಟಿಕೊಂಡಿದ್ದೀನಿ ಅಂತ ಅವಳಿಗೇ ಗೊತ್ತಿರಲಿಲ್ಲ.

ಅಲ್ಲೇ ಮರಳ ಮೇಲೆ ಕೂತಳು.

"ಹೋದ ಸಲ ಏನೂ ಗೊತ್ತಿರಲಿಲ್ಲ ಅಜ್ಜಯ್ಯ. ಅದಕ್ಕೇ ಧೈರ್ಯವಾಗಿ ಹೋದೆ. ಈಗ ಎಲ್ಲಾ ಗೊತ್ತು. ಔಷಧಿ ಏರಿಸೋ ಆ ಕುರ್ಚಿ ಗೊತ್ತು, ಆ ವಾಸನೆ ಗೊತ್ತು. ಬೆಳಿಗ್ಗೆ ಎದ್ದರೆ ದಿಂಬಿನ ತುಂಬ ಕೂದಲು. ಇನ್ನೊಂದು ಸಲ ನನ್ನ ಕೈಲಾಗಲ್ಲ."

"ಇನ್ನೊಂದು ಸಲ ಅಂತ ಯಾರು ಹೇಳಿದರು?"

"ಅಲ್ಲ ಅಂತಲೂ ಯಾರೂ ಹೇಳಿಲ್ಲವಲ್ಲ! ನಾಳೆ ನಾನು ಹೋಗೋದೇ ಇಲ್ಲ. ನೋಡಿದರೆ ತಾನೇ ಗೊತ್ತಾಗೋದು?"

"ಬೆಳಿಗ್ಗೆ ಹರಿಗೋಲಿನ ಒಳಗೆ ಕೂತು ಯಾಕೆ ನೋಡಿದೆ?"

"ನೋಡದೆ ನೀರಿಗೆ ಇಳಿಸೋಕಾಗುತ್ತಾ?"

ಅಜ್ಜಯ್ಯ ಒಳಗಿಂದ ತೆಂಗಿನ ಚಿಪ್ಪಿನಲ್ಲಿ ಕಡಲೆಕಾಯಿ ಎಣ್ಣೆ ತಂದರು. ಅವಳ ಒಂದೊಂದೇ ಬೆರಳು ಹಿಡಿದು, ಚಿಕ್ಕ ಮಕ್ಕಳ ಕೈ ತೊಳೆಸುವ ಹಾಗೆ ಉಜ್ಜಿದರು. ಡಾಂಬರು ಬಿಡಲು ಬಹಳ ಹೊತ್ತು ಹಿಡಿಯಿತು.

ಆಮೇಲೆ ತೂತಿಗೆ ಹೊಸ ತೇಪೆ ಹಾಕಿದರು. ಈ ಸಲ ಕಾವಲಿಗೆ ತಾವೇ ಕೂತರು.

ಗುರುವಾರ ಬೆಳಿಗ್ಗೆ ಮಾಳಮ್ಮ ಫೈಲು, ರಿಪೋರ್ಟು ಎಲ್ಲ ಸೆರಗಿನಲ್ಲಿ ಅವುಚಿಕೊಂಡು ದಂಡೆಗೆ ಬಂದಳು. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು. ಅಜ್ಜಯ್ಯ ಅವಳ ಕೈಗೆ ಒಂದು ತಂಬಿಗೆ ಕೊಟ್ಟರು.

"ಇದ್ಯಾಕೆ?"

"ನೀರು ಬಂದರೆ ಮೊಗೆಯೋಕೆ."

"ತೇಪೆ ಗಟ್ಟಿಯಾಗಿದೆ ತಾನೇ?"

"ಗಟ್ಟಿಯಾಗಿದೆ ಅನಿಸುತ್ತೆ."

"ಅನಿಸುತ್ತೆ ಅಂದರೆ?"

"ನಲವತ್ತು ವರ್ಷದಿಂದ ಹೀಗೆ ಅನಿಸಿಕೊಂಡೇ ದಾಟ್ತಿದ್ದೀನಿ ತಾಯಿ. ಹತ್ತು."

ಹತ್ತಿದಳು. ಹರಿಗೋಲು ಒಂದು ಸುತ್ತು ತಿರುಗಿ ದಂಡೆ ಬಿಟ್ಟಿತು. ಮಾಳಮ್ಮ ಕಣ್ಣು ಮುಚ್ಚಿದಳು, ತೆರೆದಳು. ಹಿಂದೆ ಆಶ್ರಮ ಸಣ್ಣದಾಯಿತು. ಮುಂದೆ ಆಸ್ಪತ್ರೆಯ ಬಿಳಿ ಗೋಡೆ ಇನ್ನೂ ದೂರವಿತ್ತು.

ನಡುಹೊಳೆಯಲ್ಲಿ ಅವಳ ಅಂಗಾಲು ತಣ್ಣಗಾಯಿತು.

ಬಗ್ಗಿ ನೋಡಿದಳು. ಕಾಲಡಿಯಲ್ಲಿ ನೀರು. ಜಾಸ್ತಿ ಇಲ್ಲ, ಒಂದು ತಟ್ಟೆಯಷ್ಟು.

ಬಲಗೈ ತಾನಾಗಿಯೇ ಕಂಕುಳ ಕಡೆ ಹೊರಟಿತು. ಆದರೆ ಕೈಯಲ್ಲಿ ತಂಬಿಗೆ ಇತ್ತು.

"ಅಜ್ಜಯ್ಯ! ನೀರು! ಇದು ಕೆಳಗಿಂದ ಸೋರಿದ್ದಾ, ಹುಟ್ಟಿನಿಂದ ಸಿಡಿದದ್ದಾ?"

ಅಜ್ಜಯ್ಯ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಅದು ದಡಕ್ಕೆ ಹೋಗಿ ಬೋರಲು ಹಾಕಿ ನೋಡಿದರೆ ಗೊತ್ತಾಗುತ್ತೆ, ಮಗಳೇ. ಈಗ ಮೊಗೆ."