‘ಅದು’ ಎಂಬ ಒಳದಾರಿ

ಹೊಳೆದಂಡೆಯ ಆಶ್ರಮದಲ್ಲಿ ಚೆನ್ನಮಲ್ಲಯ್ಯ ಎಂಬ ಗುರುಗಳಿದ್ದರು. ಕಂಪ್ಯೂಟರಿನ ಜೊತೆ ಕನ್ನಡದಲ್ಲೇ ಮಾತಾಡುವ ಪುಟ್ಟ ಭಾಷೆಯೊಂದನ್ನು ಅವರು ಶಿಷ್ಯರಿಂದ ಕಟ್ಟಿಸುತ್ತಿದ್ದರು. ಒಂದು ಸಾಲು ಬರೆದರೆ ಯಂತ್ರ ಉತ್ತರ ಕೊಟ್ಟು, ಮುಂದಿನ ಸಾಲಿಗೆ ಕಾಯುತ್ತಿತ್ತು.

ಶಿಷ್ಯೆ ನೀಲಾಂಬಿಕೆ ಅದಕ್ಕೊಂದು ಒಳದಾರಿ ಮಾಡಿದ್ದಳು. ಬಂದ ಉತ್ತರವನ್ನು ಮತ್ತೆ ಬರೆಯುವ ತಾಪತ್ರಯವಿಲ್ಲ. ‘ಅದು’ ಎಂದರೆ ಸಾಕು, ಈಗಷ್ಟೇ ಬಂದ ಉತ್ತರ ಎಂದು ಯಂತ್ರಕ್ಕೆ ತಿಳಿಯುತ್ತಿತ್ತು. ತನ್ನ ಜಾಣತನಕ್ಕೆ ತಾನೇ ಮರುಳಾಗಿದ್ದಳು ಹುಡುಗಿ.

“ಗುರುಗಳೇ, ಇದನ್ನ ಹೊಳೆಯ ಅಣೆಕಟ್ಟೆ ಕಾಯೋರಿಗೆ ಕೊಡೋಣವೇ?”

“ಮೊದಲು ನೀನೇ ಒಂದು ದಿನ ಕಟ್ಟೆ ಕಾಯಿ,” ಎಂದರು ಗುರುಗಳು.

ಆ ದಿನ ಬೇಗನೇ ಬಂತು. ಮೇಲೆಲ್ಲೋ ಮಳೆ ಹೊಯ್ದು ಹೊಳೆ ಕೆಂಪಾಗಿ ಉಕ್ಕಿತು. ಕಟ್ಟೆಯ ಗೇಟು ಎತ್ತದಿದ್ದರೆ ಒಡ್ಡು ಒಡೆಯುತ್ತಿತ್ತು. ಹೆಚ್ಚು ಎತ್ತಿದರೆ, ಕೆಳಗಿನ ಮರಳದಿಬ್ಬದಲ್ಲಿ ದೋಣಿ ಬಿಗಿಯುತ್ತಿದ್ದ ಕೆಂಚಮ್ಮನೂ ಅವಳ ಮಕ್ಕಳೂ ಕೊಚ್ಚಿಹೋಗುತ್ತಿದ್ದರು. ಕೂಗಿದರೂ ಕೇಳದಷ್ಟು ನೀರಿನ ಸದ್ದು.

ಗೇಟಿನ ತಂತಿ ಯಂತ್ರಕ್ಕೆ ಸೇರಿತ್ತು. ನೀಲಾಂಬಿಕೆ ನೀರಿನ ಮಟ್ಟ ಬರೆದು, ಗೇಟು ಎಷ್ಟು ಎತ್ತಬೇಕೆಂದು ಕೇಳಿದಳು.

ಎರಡು, ಎಂದಿತು ಯಂತ್ರ. ಎರಡು ಅಡಿ.

“ನೀಲಾ,” ಪಕ್ಕದಲ್ಲಿ ಕೂತಿದ್ದ ಗುರುಗಳು ಕರೆದರು. “ಮಧ್ಯಾಹ್ನಕ್ಕೆ ಎಷ್ಟು ಸೇರು ಅಕ್ಕಿ ಹಾಕಿಸಲಿ? ದೋಣಿಯವರೂ ಊಟಕ್ಕಿರ್ತಾರೆ. ಸ್ವಲ್ಪ ಕೇಳಿ ಹೇಳು.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಗುರುಗಳ ಮಾತು. ತಲೆಗಳನ್ನು ಲೆಕ್ಕ ಹಾಕಿ ಯಂತ್ರವನ್ನು ಕೇಳಿದಳು.

“ಒಂಬತ್ತು ಸೇರು!” ಎಂದು ಸಿಡುಕಿ, ಬರೆದಳು: ಗೇಟು ಎತ್ತು ಅದು.

ಗೇಟು ಅಲುಗಲಿಲ್ಲ.

“ಗುರುಗಳೇ, ಕೆಟ್ಟುಹೋಗಿದೆ! ಒಡ್ಡು ಒಡೆಯುತ್ತೆ!”

ತಂತಿಯ ತುದಿ ಗುರುಗಳ ಮಡಿಲಲ್ಲಿತ್ತು. ಅದನ್ನು ಯಾವಾಗ ಕಿತ್ತರೋ ಅವಳಿಗೆ ಗೊತ್ತಾಗಿರಲಿಲ್ಲ.

“ಎಷ್ಟು ಎತ್ತು ಅಂದೆ?”

ಅವಳು ಪರದೆ ನೋಡಿದಳು. ಒಂಬತ್ತು ಅಡಿ ಎಂದಿತ್ತು. ಅಕ್ಕಿಯ ಲೆಕ್ಕವೇ ‘ಅದು’ ಆಗಿಬಿಟ್ಟಿತ್ತು.

ಗುರುಗಳು ತಂತಿ ಸಿಕ್ಕಿಸಿದರು. “ಈಗ ಹೇಳು.”

ಅವಳು ‘ಎರಡು’ ಎಂದೇ ಬರೆದಳು. ಗೇಟು ಕಿರುಗುಟ್ಟಿ ಎದ್ದಿತು. ದಿಬ್ಬದ ಅಂಚಿಗೆ ನೀರು ಬಂತು. ಕೆಂಚಮ್ಮನ ದೋಣಿ ಓಲಾಡಿತು, ಹಗ್ಗ ಜಗ್ಗಿತು, ನಿಂತಿತು. ನೀಲಾಂಬಿಕೆ ಅತ್ತೇಬಿಟ್ಟಳು.

“ಕೆಳಗೆ ಜನ ಇದ್ರು ಗುರುಗಳೇ. ಅಂಥಾ ಹೊತ್ತಲ್ಲಿ ಪರೀಕ್ಷೆ ಮಾಡೋದಾ?”

“ಜನ ಇದ್ರು ಅಂತಲೇ ತಂತಿ ಕಿತ್ತಿದ್ದು. ಕಟ್ಟೆ ಕಾಯೋರನ್ನ ನಡುವೆ ಯಾರೂ ಏನೂ ಕೇಳೋದಿಲ್ಲವಾ?”

ಅವಳು ಕಣ್ಣೊರೆಸಿಕೊಂಡಳು. “‘ಅದರ ಹಿಂದಿನದು’ ಅಂತ ಇನ್ನೊಂದು ಸೇರಿಸ್ತೀನಿ.”

“ನಾನು ಬೇಳೆಯನ್ನೂ ಕೇಳಿದ್ದಿದ್ರೆ?”

ಅವಳು ಪರದೆಯ ಮೇಲಿನ ಉತ್ತರಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು.

“ಹಾಗಾದ್ರೆ ಪ್ರತಿ ಉತ್ತರಕ್ಕೂ ಅದರದೇ ಒಂದು ಗುರುತು ಕೊಡ್ತೀನಿ. ಆಮೇಲೆ ಎಷ್ಟು ಹೊಸದು ಬಂದ್ರೂ ಹಳೇದರ ಗುರುತು ಬದಲಾಗಬಾರದು. ‘ಅದು’ ಅನ್ನೋದನ್ನ ಅಳಿಸಿಬಿಡ್ತೀನಿ.”

“ಯಾಕೆ ಅಳಿಸ್ತೀಯ? ಅಕ್ಕಿ ಲೆಕ್ಕಕ್ಕೆ ಚೆನ್ನಾಗಿದೆ.”

“ಗೇಟಿಗೆ?”

ಕೆಂಚಮ್ಮ ಮಕ್ಕಳನ್ನು ಕರೆದುಕೊಂಡು ದಂಡೆ ಹತ್ತುತ್ತಿದ್ದಳು. ಗುರುಗಳು ಅವರನ್ನೇ ನೋಡುತ್ತಿದ್ದರು.

“ದೋಣಿಯಲ್ಲಿ ಪಕ್ಕ ಕೂತವನನ್ನ ‘ಏ ಇವನೇ’ ಅಂತ ಕರೀಬಹುದು, ನೀಲಾ. ಹೊಳೆಗೆ ಬಿದ್ದವನನ್ನ ಹೆಸರು ಹಿಡಿದೇ ಕೂಗಬೇಕು.”