ಎರಡರ ತಲೆಯ ಮೇಲಿನ ಒಂದು

ಸುಳ್ಳೆನ್ನುವವರು ಸ್ಲೇಟು ಒರೆಸುವ ಬಟ್ಟೆಯನ್ನೇ ಹಿಂಡಿ ಕೇಳಿ. ಶಾಂಭವಿ 26ನ್ನು 13ರಿಂದ ಗುಣಿಸುತ್ತಿದ್ದಳು. ಮೂರಾರಲೆ ಹದಿನೆಂಟು, ಎಂಟನ್ನು ಕೆಳಗೆ ಬರೆದು, ದಶಕದ ಒಂದನ್ನು ಎರಡರ ತಲೆಯ ಮೇಲೆ ಪುಟ್ಟದಾಗಿ ಕೂರಿಸಿದಳು. ಅದನ್ನು ಕೂಡಿಸಿಕೊಂಡು ಮೊದಲ ಸಾಲಿಗೆ 78 ಬರೆದದ್ದೇ ತಡ, ಬಟ್ಟೆ ಬಂತು.

"ಏಳಪ್ಪಾ, ನಿನ್ನ ಕೆಲಸ ಮುಗೀತು," ಎಂದಿತು ಪುಟ್ಟ ಒಂದಕ್ಕೆ.

"ಬಟ್ಟೆಮ್ಮಾ, ಹುಟ್ಟಿದಾಗಿನಿಂದ ನನ್ನನ್ನು ಮಾತಾಡಿಸಿದ್ದು ನನ್ನ ಕೆಳಗಿರೋ ಈ ಎರಡು ಮಾತ್ರ. ಇನ್ನೊಂದು ಸಾಲು ಇದ್ದುಬಿಡ್ತೀನಿ."

"ಇದ್ದು ಏನು ಕಡಿದು ಹಾಕ್ತೀಯೋ!" ಎಂದರೂ ಬಟ್ಟೆಯ ಮನಸ್ಸು ಕರಗಿತು. ಬೇಕೆಂದೇ ಜಾರಿ ನೆಲಕ್ಕೆ ಬಿತ್ತು.

13ರ ಒಂದರಿಂದ ಗುಣಿಸುವ ಎರಡನೆಯ ಸಾಲಿಗೆ ಎರಡು ಎರಡಾಗಿಯೇ ಇಳಿಯಬೇಕಿತ್ತು. ಶಾಂಭವಿ ಅದರ ಮೇಲೆ ಕೂತಿದ್ದ ಪುಟ್ಟ ಒಂದನ್ನು ಕಂಡು, ಮತ್ತೆ ಕೂಡಿಸಿ, ಮೂರು ಮಾಡಿದಳು. 338 ಬರಬೇಕಾದಲ್ಲಿ 438 ಬಂತು.

"ಈ ಹೆಚ್ಚಿನ ನೂರು ಯಾರ ಮನೆಯಿಂದ ಬಂತೇ ತಾಯಿ?" ಎಂದರು ಮೇಷ್ಟ್ರು. ತರಗತಿಯೆಲ್ಲ ನಕ್ಕಿತು. ಹುಡುಗಿಯ ಕಣ್ಣೀರು ಸ್ಲೇಟಿನ ಅಂಚಿಗೆ ತೊಟ್ಟಿಕ್ಕಿತು.

"ಬಟ್ಟೆಮ್ಮಾ, ಬೇಗ ಬಾ," ಎಂದಿತು ಪುಟ್ಟ ಒಂದು.

ಬಟ್ಟೆ ಅದನ್ನು ಮೆತ್ತಗೆ ಒರೆಸಿತು. ಎರಡನೆಯ ಸಾಲಿನ ಮೂರು ಮತ್ತೆ ಎರಡಾಗಿ ಲೆಕ್ಕ ಸರಿಹೋಯಿತು, ಶಾಂಭವಿ ಮೂಗೊರೆಸಿಕೊಂಡು ನಕ್ಕಳು. ಎರಡು ಮಾತ್ರ ಏನೋ ಹೇಳಲೆಂದು ತಲೆಯೆತ್ತಿತು. ಮೇಲೆ ಒಂದಿಷ್ಟು ತೇವವಿತ್ತು, ಅದೂ ಆರುತ್ತಿತ್ತು.