ಅಣೆಕಟ್ಟಿನ ಬುಡದ ಕೆಂಪು ನೀರು

ಒಂದು ಹೊಳೆಗೆ ಮಣ್ಣಿನ ಸಣ್ಣ ಅಣೆಕಟ್ಟೊಂದಿತ್ತು. ಮೂರು ಊರಿನ ದೀಪಗಳು ಅದರ ನೀರಿನಿಂದ ಬರುವ ಕರೆಂಟಿನಿಂದಲೇ ಉರಿಯುತ್ತಿದ್ದವು. ಅದರ ಬುಡದಲ್ಲಿ ವಾಸವಾಗಿದ್ದ ಏಡಿಯೊಂದು ಒಂದು ದಿನ ಬೆಳಿಗ್ಗೆ ಹೇಳಿತು: “ಅಣ್ಣಾ, ಇಲ್ಲಿ ಜಿನುಗುವ ನೀರು ಇಷ್ಟು ದಿನ ತಿಳಿಯಾಗಿತ್ತು. ಇವತ್ತು ಕೆಂಪಗಿದೆ. ನಿನ್ನ ಒಳಗಿನ ಮಣ್ಣು ಕರಗಿ ಬರುತ್ತಿದೆ.”

“ಮೆಲ್ಲಗೆ ಮಾತಾಡು,” ಎಂದಿತು ಅಣೆಕಟ್ಟು. “ಕಾವಲುಗಾರ ಜವರಪ್ಪ ಕೇಳಿಸಿಕೊಂಡರೆ ನೀರೆಲ್ಲ ಬಿಟ್ಟುಬಿಡುತ್ತಾನೆ. ದೀಪ ಆರಿದರೆ ಊರವರು ನನ್ನನ್ನು ಏನೆಂದಾರು?”

“ನೀನು ಒಡೆದರೆ, ಏನಾದರೂ ಅನ್ನುವುದಕ್ಕೆ ಊರವರೇ ಉಳಿಯುವುದಿಲ್ಲ.”

ಅಣೆಕಟ್ಟು ತಗ್ಗಿನ ಕಡೆ ನೋಡಿತು. ಕೆಳಗೆ ಹೊಳೆಯಲ್ಲಿ ಹೆಂಗಸರು ನಗುತ್ತ ಬಟ್ಟೆ ಒಗೆಯುತ್ತಿದ್ದರು. “ಜವರಪ್ಪನವರೇ, ಬೇಗ ಇಳಿದು ಬಂದು ನನ್ನ ಬುಡ ನೋಡಿ!” ಎಂದು ಅದು ತಾನೇ ಕೂಗಿ ಕರೆಯಿತು.

ಜವರಪ್ಪ ಕೆಂಪು ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದವನೇ ಓಡಿಹೋಗಿ ಸೈರನ್ ಕೂಗಿಸಿದ. ಹೆಂಗಸರೆಲ್ಲ ದಡ ಹತ್ತಿದ ಮೇಲೆ ಗೇಟು ತೆರೆದು ನೀರಿಳಿಸಿದ. ಹನ್ನೆರಡು ದಿನ ಊರವರು ಬುಡ್ಡಿದೀಪದಲ್ಲೇ ಉಂಡು, ಹಗಲೆಲ್ಲ ಜೇಡಿಮಣ್ಣು ಹೊತ್ತು ತಂದು ಗಟ್ಟಿಯಾಗಿ ಕುಟ್ಟಿದರು. ಯಾರೂ ಬೈಯಲಿಲ್ಲ.

“ಹೊತ್ತಿಗೆ ಸರಿಯಾಗಿ ಹೇಳಿದೆಯಪ್ಪ,” ಎಂದು ಜವರಪ್ಪ ಅದರ ಮೈ ತಟ್ಟಿದ.

ಈಗ ಎಲ್ಲಿ ಒಂದಿಷ್ಟು ತೇವ ಕಂಡರೂ ಅಣೆಕಟ್ಟು ಅವನನ್ನು ಕರೆಯುತ್ತದೆ. ಎಷ್ಟೋ ಸಲ ಅದು ಬರೀ ಇಬ್ಬನಿ. ಆದರೂ ಜವರಪ್ಪ ನಗುತ್ತಲೇ ಇಳಿದು ಬರುತ್ತಾನೆ.